ಎಳೆಯ ಡಿಫೆಂಡರ್ ಬೆಳೆಯುತ್ತಿದ್ದಾನೆಯೇ? ಚೆಂಡು ಬರುವ ಮೊದಲೇ ನೋಡಬೇಕಾದ ಸಂಗತಿಗಳು

ಫುಟ್‌ಬಾಲ್‌ನಲ್ಲಿ ಫಾರ್ವರ್ಡ್ ಆಡುವ ಹುಡುಗನನ್ನು ಅಳೆಯಲು ಗೋಲುಗಳಿವೆ, ಗೋಲ್‌ಕೀಪರ್‌ನನ್ನು ಅಳೆಯಲು ತಡೆದ ಚೆಂಡುಗಳಿವೆ. ಡಿಫೆಂಡರ್‌ನ ಒಳ್ಳೆಯ ಕೆಲಸ ಮಾತ್ರ ಲೆಕ್ಕಕ್ಕೆ ಸಿಗುವುದು ಕಷ್ಟ. ಸ್ಟಾಪರ್ (ನಡುವಿನ ಡಿಫೆಂಡರ್) ಆಡುವ ಹುಡುಗ ಪಂದ್ಯವಿಡೀ ಸರಿಯಾದ ಜಾಗದಲ್ಲಿ ನಿಂತರೆ ಎದುರಾಳಿಗಳು ಆ ಕಡೆಗೆ ಚೆಂಡು ಹಾಕುವುದನ್ನೇ ಬಿಡುತ್ತಾರೆ. ಆಟ ಮುಗಿದಾಗ ಅವನ ಹೆಸರಿನ ಮುಂದೆ ಬರೆಯಲು ಏನೂ ಉಳಿದಿರುವುದಿಲ್ಲ.

ಕಾರವಾರದ ಮಾಲಾದೇವಿ ಮೈದಾನದಲ್ಲಾಗಲಿ, ಶಿರಸಿ, ಮುಂಡಗೋಡ ಕಡೆಯ ಮೈದಾನಗಳಲ್ಲಾಗಲಿ ಬ್ಯಾಕ್ ಆಟಗಾರನಿಗೆ, ಅಂದರೆ ಡಿಫೆಂಡರ್‌ಗೆ, ಚಪ್ಪಾಳೆ ಬೀಳುವುದು ಎರಡಕ್ಕೆ. ಒಂದು, ಜಾರಿ ಬಂದು ಚೆಂಡು ಕಸಿದಾಗ. ಇನ್ನೊಂದು, ಬಂದ ಚೆಂಡನ್ನು ಒಂದೇ ಒದೆತಕ್ಕೆ ಅರ್ಧ ಮೈದಾನ ದಾಟಿಸಿದಾಗ. ಇವೆರಡೂ ಆಟದಲ್ಲಿ ಬೇಕಾಗುತ್ತವೆ. ಆದರೆ ಒಬ್ಬನೇ ಹುಡುಗನಲ್ಲಿ ಪದೇಪದೇ ಕಂಡರೆ, ಅದಕ್ಕಿಂತ ಮೂರು ಸೆಕೆಂಡು ಮೊದಲು ಅವನು ನಿಂತ ಜಾಗವೋ ನೋಡಿದ ದಿಕ್ಕೋ ತಪ್ಪಿತ್ತು ಎಂದು ತಿಳಿಯಬೇಕು. ಆದ್ದರಿಂದ ಎಳೆಯ ಡಿಫೆಂಡರ್‌ನ ಬೆಳವಣಿಗೆಯನ್ನು ಚೆಂಡು ಅವನ ಹತ್ತಿರ ಬರುವ ಮೊದಲಿನ ಕ್ಷಣಗಳಲ್ಲಿ ಹುಡುಕಬೇಕು. ಹೋಲಿಸಬೇಕಾದದ್ದೂ ಪಕ್ಕದ ಹುಡುಗನೊಂದಿಗಲ್ಲ, ಆರು ತಿಂಗಳ ಹಿಂದಿನ ಅವನೊಂದಿಗೇ.

ಮೊದಲು ಮೈಯ ವಯಸ್ಸು ತಿಳಿಯಲಿ

13–14ರ ಹುಡುಗರಲ್ಲಿ ಇಬ್ಬರು ಒಂದೇ ವರ್ಷ ಹುಟ್ಟಿದವರಾದರೂ ಮೈಯ ಬೆಳವಣಿಗೆಯಲ್ಲಿ ಮೂರು ನಾಲ್ಕು ವರ್ಷದ ಅಂತರ ಇರಬಹುದು. ಒಬ್ಬನಿಗೆ ಮೀಸೆ ಮೂಡಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಮೊದಲನೆಯವನು ಓಡಿ ಹಿಡಿಯುತ್ತಾನೆ, ಭುಜ ಕೊಟ್ಟು ಬೀಳಿಸುತ್ತಾನೆ, ತಲೆಯಿಂದ ಚೆಂಡು ಹೊಡೆಯುವ ಹೆಡ್‌ನಲ್ಲಿ ಗೆಲ್ಲುತ್ತಾನೆ. ತಪ್ಪು ಜಾಗದಲ್ಲಿ ನಿಂತರೂ ವೇಗ ಅವನನ್ನು ಕಾಪಾಡುತ್ತದೆ. ಹೀಗೆ ಮೂರು ವರ್ಷ ‘ಜಿಲ್ಲೆಯ ಒಳ್ಳೆಯ ಡಿಫೆಂಡರ್’ ಎನಿಸಿಕೊಂಡವನು 17ಕ್ಕೆ ಬಂದಾಗ ಉಳಿದವರೂ ಅಷ್ಟೇ ಬೆಳೆದಿರುತ್ತಾರೆ. ಜಾಗ ಹಿಡಿದು ನಿಲ್ಲುವುದನ್ನು ಅವನು ಅಷ್ಟರಲ್ಲಿ ಕಲಿತೇ ಇರುವುದಿಲ್ಲ. ಭರವಸೆಯ ಡಿಫೆಂಡರ್‌ಗಳು ಕಳೆದುಹೋಗುವ ದೊಡ್ಡ ಕಾರಣ ಇದೇ.

ಹುಡುಗರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ 13½–14ರ ಹೊತ್ತಿಗೆ, ಹುಡುಗಿಯರು 12ರ ಆಸುಪಾಸಿಗೆ. ಆ ಹಂತದಲ್ಲಿ ಹುಡುಗ ವರ್ಷಕ್ಕೆ 8ರಿಂದ 10 ಸೆಂ.ಮೀ. ಬೆಳೆಯಬಹುದು. ಇದನ್ನು ಗುರುತಿಸಲು ದುಬಾರಿ ಯಂತ್ರ ಬೇಕಿಲ್ಲ. ಗೋಡೆಗೆ ಅಂಟಿಸಿದ ಅಳತೆ ಟೇಪು, ಗಟ್ಟಿಯಾದ ಒಂದು ಸ್ಟೂಲು, ತೂಕದ ಯಂತ್ರ ಇಷ್ಟೇ ಸಾಕು. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆ ಒಂದೇ ಹೊತ್ತಿಗೆ, ಬರಿಗಾಲಲ್ಲಿ ನಿಂತ ಎತ್ತರ, ಕೂತ ಎತ್ತರ ಮತ್ತು ತೂಕ ಬರೆದಿಡಿ. ಕೂತ ಎತ್ತರ ಅಂದರೆ ಗೋಡೆಗೆ ಬೆನ್ನು ತಾಗಿಸಿ ಸ್ಟೂಲಿನ ಮೇಲೆ ಕೂರಿಸಿ ತಲೆಯ ತನಕ ಅಳೆದು, ಸ್ಟೂಲಿನ ಎತ್ತರ ಕಳೆಯುವುದು. ನಿಂತ ಎತ್ತರದಲ್ಲಿ ಅದನ್ನು ಕಳೆದರೆ ಕಾಲಿನ ಉದ್ದ ಸಿಗುತ್ತದೆ. ಸಂಜೆಯ ಹೊತ್ತಿಗೆ ಎಲ್ಲರ ಎತ್ತರವೂ ಸುಮಾರು ಒಂದು ಸೆಂ.ಮೀ. ಕುಗ್ಗಿರುತ್ತದೆ. ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ ಅಳೆದರೆ ಇಡೀ ಲೆಕ್ಕ ಹಾಳು.

ಮೂರು ತಿಂಗಳಲ್ಲಿ 2.3 ಸೆಂ.ಮೀ. ಏರಿದ್ದರೆ ವರ್ಷದ ವೇಗ 9.2 ಸೆಂ.ಮೀ. ವರ್ಷಕ್ಕೆ 7 ಸೆಂ.ಮೀ.ಗಿಂತ ಹೆಚ್ಚು ಇದ್ದರೆ ಹುಡುಗ ಬೆಳವಣಿಗೆಯ ಏರುಗಾಲದಲ್ಲಿದ್ದಾನೆ ಎಂದುಕೊಳ್ಳಬಹುದು. ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ ಬೆಳೆಯುತ್ತದೆ. ವರ್ಷದೊಳಗೆ ಎರಡನೇ ಸಲ ಬೂಟು ಬಿಗಿಯಾಯಿತು ಎಂದು ಮನೆಯವರು ಹೇಳಿದರೆ ಅದು ಮೊದಲ ಸುಳಿವು. ಕೊನೆಗೆ ಎಷ್ಟು ಎತ್ತರ ಆಗಬಹುದು ಎನ್ನುವುದಕ್ಕೆ ಒರಟು ಅಂದಾಜೊಂದಿದೆ. ಹುಡುಗರಿಗೆ ತಂದೆ ತಾಯಿಯ ಎತ್ತರ ಕೂಡಿಸಿ, 13 ಸೇರಿಸಿ, ಎರಡರಿಂದ ಭಾಗಿಸಬೇಕು. ತಂದೆ 168, ತಾಯಿ 155 ಸೆಂ.ಮೀ. ಇದ್ದರೆ ಉತ್ತರ 168. ಇದರಲ್ಲಿ ಎಂಟು ಸೆಂ.ಮೀ. ಆಚೀಚೆ ಆಗುವುದುಂಟು. ಹಾಗಾಗಿ ಈ ಲೆಕ್ಕ ಹಿಡಿದು ಯಾರನ್ನೂ ತಂಡದಿಂದ ಕೈಬಿಡಬಾರದು. 2006ರಲ್ಲಿ ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಫಾಬಿಯೋ ಕನ್ನವಾರೊ ಸೆಂಟರ್ ಬ್ಯಾಕ್, ಅಂದರೆ ಸ್ಟಾಪರ್, ಆಡುತ್ತಿದ್ದ. ಅವನ ಎತ್ತರ 1.76 ಮೀಟರ್ ಅಷ್ಟೇ.

ಏರುಗಾಲದಲ್ಲಿ ಹುಡುಗನ ಆಟ ಕೆಡುತ್ತದೆ. ನಿನ್ನೆಯವರೆಗೆ ಸರಿಯಾಗಿ ಕೂರುತ್ತಿದ್ದ ಮೊದಲ ಟಚ್ ದೂರ ಹೋಗುತ್ತದೆ, ತಿರುಗುವಾಗ ಕಾಲು ತೊಡರುತ್ತದೆ, ಹೆಡ್‌ನ ಸಮಯ ತಪ್ಪುತ್ತದೆ. ಹೊಸ ಉದ್ದದ ಕಾಲುಗಳಿಗೆ ಮೈ ಇನ್ನೂ ಹೊಂದಿಕೊಂಡಿರುವುದಿಲ್ಲ. ಆರು ತಿಂಗಳಿಂದ ಒಂದು ವರ್ಷದ ತನಕ ಹೀಗಿರಬಹುದು. ಈ ಹೊತ್ತಿನಲ್ಲಿ ಬರೆದ ‘ಹಿಂದೆ ಬಿದ್ದಿದ್ದಾನೆ’ ಎಂಬ ವರದಿಯನ್ನು ನಂಬಬಾರದು. ಮೊಣಕಾಲಿನ ಕೆಳಗಿನ ಉಬ್ಬಿನಲ್ಲಿ ಅಥವಾ ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳುವುದೂ ಇದೇ ಕಾಲದಲ್ಲಿ. ಮೊದಲನೆಯದಕ್ಕೆ ಆಸ್ಗುಡ್ ಶ್ಲಾಟರ್, ಎರಡನೆಯದಕ್ಕೆ ಸೀವರ್ ಎಂದು ವೈದ್ಯರು ಹೆಸರಿಟ್ಟಿದ್ದಾರೆ. ಎರಡೂ ಬೆಳೆಯುವ ಮೂಳೆಯ ತುದಿಯನ್ನು ಸ್ನಾಯು ಎಳೆಯುವುದರಿಂದ ಬರುವ ನೋವು. ಜಿಗಿತ ಮತ್ತು ಜೋರು ಓಟ ಕಡಿಮೆ ಮಾಡಿ, ವೈದ್ಯರಿಗೆ ತೋರಿಸಿ. ‘ನೋವು ನುಂಗಿ ಆಡು’ ಎನ್ನುವವರ ಮಾತು ಕೇಳಬೇಡಿ. ವಾರದ ಒಟ್ಟು ತರಬೇತಿಯ ಗಂಟೆಗಳು ಹುಡುಗನ ವಯಸ್ಸಿನ ವರ್ಷಗಳನ್ನು ಮೀರಬಾರದು ಎಂಬುದು ಕ್ರೀಡಾ ವೈದ್ಯರು ಒಪ್ಪುವ ಸರಳ ಮಿತಿ.

ದಾಖಲೆಯ ವಯಸ್ಸಿನ ವಿಚಾರವೂ ಇದೆ. ಹಿಂದೆ ನಮ್ಮ ಶಾಲೆಗಳಲ್ಲಿ ಹೆಸರು ಹಚ್ಚುವಾಗ ಹುಟ್ಟಿದ ದಿನ ಜೂನ್ 1 ಎಂದು ಬರೆಸುವ ರೂಢಿ ಇತ್ತು. ಈಗ ಜನನ ಪ್ರಮಾಣಪತ್ರವೇ ಬೇಕು, ಅದು ಒಳ್ಳೆಯದೇ. ವಯಸ್ಸಿನ ಗುಂಪನ್ನು ಜನವರಿ 1ರಿಂದ ಎಣಿಸುವಲ್ಲಿ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಶಾಲಾ ಕ್ರೀಡಾಕೂಟದಲ್ಲಿ 14, 17, 19ರ ಗುಂಪುಗಳು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಯೂತ್ ಲೀಗುಗಳಲ್ಲಿ 13, 15ರಂಥ ಬೇರೆ ಗುಂಪುಗಳು. ಹಾಗಾಗಿ ಒಬ್ಬನೇ ಹುಡುಗ ಒಂದು ಕಡೆ ಗುಂಪಿನ ಹಿರಿಯ, ಇನ್ನೊಂದು ಕಡೆ ಕಿರಿಯ. ವರದಿಯಲ್ಲಿ ಹುಟ್ಟಿದ ತಿಂಗಳನ್ನು ಹೆಸರಿನ ಪಕ್ಕದಲ್ಲೇ ಬರೆಯಿರಿ.

ಚೆಂಡು ದೂರದಲ್ಲಿರುವಾಗ ತಲೆ ಎತ್ತ ತಿರುಗುತ್ತದೆ

ಪಂದ್ಯ ನೋಡುವಾಗ ಹದಿನೈದು ನಿಮಿಷ ಚೆಂಡನ್ನು ಮರೆತು ಹುಡುಗನೊಬ್ಬನನ್ನೇ ನೋಡಿ. ಇದು ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಲ್ಲ. ನಮ್ಮ ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ. ಹುಡುಗನದ್ದೂ ಹಾಗೇ ಓಡುತ್ತದೆಯೇ ಎಂಬುದೇ ಮೊದಲ ಪ್ರಶ್ನೆ.

ಚೆಂಡು ಎದುರಾಳಿಯ ಅರ್ಧದಲ್ಲಿದ್ದಾಗ ಹತ್ತು ಸೆಕೆಂಡು ಎಣಿಸಿ. ಅಷ್ಟರಲ್ಲಿ ಅವನು ಎಷ್ಟು ಸಲ ಭುಜದ ಮೇಲಿಂದ ಹಿಂದೆ ನೋಡಿದ? ಒಮ್ಮೆಯೂ ಇಲ್ಲವಾದರೆ ಅವನ ಬೆನ್ನ ಹಿಂದೆ ಫಾರ್ವರ್ಡ್ ಎಲ್ಲಿದ್ದಾನೆ ಎಂಬುದು ಅವನಿಗೆ ಗೊತ್ತಿಲ್ಲ. ಎರಡು ಮೂರು ಸಲ ನೋಡಿದರೆ ಒಳ್ಳೆಯದು. ಆದರೆ ನೋಡುವ ಹೊತ್ತೂ ಮುಖ್ಯ. ಚೆಂಡು ಒಬ್ಬನ ಕಾಲಿನಿಂದ ಇನ್ನೊಬ್ಬನ ಕಾಲಿಗೆ ಸಾಗುತ್ತಿರುವಾಗ ನೋಡುವವನು ಆಟ ಬಲ್ಲವನು, ಏಕೆಂದರೆ ಆ ಒಂದು ಕ್ಷಣ ಯಾರೂ ಚೆಂಡನ್ನು ಮತ್ತೆ ಒದೆಯಲಾರರು. ಎದುರಾಳಿ ಕಾಲೆತ್ತಿದಾಗ ಹಿಂದೆ ನೋಡುವವನು ಪಾಸನ್ನೇ ಕಳೆದುಕೊಳ್ಳುತ್ತಾನೆ. ನೋಡಿದ ಮೇಲೆ ಎರಡು ಹೆಜ್ಜೆ ಸರಿದು ಜಾಗ ಬದಲಿಸಿದನೇ ಎಂಬುದನ್ನೂ ಬರೆಯಿರಿ. ಕೋಚ್ ಹೇಳಿದರೆಂದು ತಲೆ ತಿರುಗಿಸುವ ಹುಡುಗರಿದ್ದಾರೆ. ಅವರ ತಲೆ ತಿರುಗುತ್ತದೆ, ಕಾಲು ಕದಲುವುದಿಲ್ಲ.

ಎರಡನೆಯದು ಮೈಯ ನಿಲುವು. ಚೆಂಡಿಗೆ ನೇರ ಎದೆ ಕೊಟ್ಟು ನಿಂತವನು ಹಿಂದಕ್ಕೆ ಓಡಬೇಕಾದಾಗ ಪೂರ್ತಿ ತಿರುಗಬೇಕು, ಅಷ್ಟರಲ್ಲಿ ಫಾರ್ವರ್ಡ್ ಎರಡು ಮೀಟರ್ ಮುಂದೆ. ಪಕ್ಕಕ್ಕೆ ವಾಲಿ, ಒಂದು ಕಣ್ಣು ಚೆಂಡಿನ ಮೇಲೆ, ಒಂದು ಕಣ್ಣು ತಾನು ಕಾಯುವವನ ಮೇಲೆ ಇಟ್ಟವನಿಗೆ ಈ ತೊಂದರೆ ಇಲ್ಲ. ತಾನು ಕಾಯುವವನಿಗೂ ಗೋಲಿಗೂ ನಡುವೆ ಇದ್ದಾನೆಯೇ, ಚೆಂಡೂ ಆ ಎದುರಾಳಿಯೂ ಒಟ್ಟಿಗೆ ಕಾಣುತ್ತಿವೆಯೇ ಎಂಬ ಎರಡನ್ನೂ ಪ್ರತಿ ಸಲ ಗಮನಿಸಿ.

ಮೂರನೆಯದು ಮಾತು. ಒಳ್ಳೆಯ ಸ್ಟಾಪರ್‌ನ ದನಿ ಮೈದಾನದಾಚೆಗೂ ಕೇಳುತ್ತದೆ. ಕರಾವಳಿಯಲ್ಲಿ ಆ ದನಿ ಕೊಂಕಣಿಯದ್ದೋ ಕನ್ನಡದ್ದೋ ಆಗಿರಲಿ, ಅದರಲ್ಲಿ ಹೆಸರೂ ಕೆಲಸವೂ ಎರಡೂ ಇರಬೇಕು: ಯಾರು, ಎತ್ತ. ‘ಏ, ನೋಡೋ’ ಎಂಬ ಕೂಗು ಯಾರಿಗೂ ಉಪಯೋಗವಿಲ್ಲ. ಗೋಲು ಬಿದ್ದ ಮೇಲೆ ಬೈಯುವ ದನಿಯನ್ನು ಇದರಲ್ಲಿ ಸೇರಿಸಬೇಡಿ.

ಒಬ್ಬನೆದುರು ಒಬ್ಬ

ಎಡ ಬ್ಯಾಕ್ ಆಡುವ ಹುಡುಗನ ಎದುರಿಗೆ ವಿಂಗರ್‌ಗೆ (ಪಕ್ಕದ ಗೆರೆಯ ಬದಿಯಲ್ಲಿ ದಾಳಿ ಮಾಡುವವನಿಗೆ) ಚೆಂಡು ಬರುತ್ತಿದೆ ಎಂದುಕೊಳ್ಳಿ. ಚೆಂಡು ಗಾಳಿಯಲ್ಲೋ ನೆಲದ ಮೇಲೋ ಸಾಗುತ್ತಿರುವಷ್ಟು ಹೊತ್ತು ಅವನು ಜೋರಾಗಿ ಓಡಿ ದೂರ ಕಡಿಮೆ ಮಾಡಬೇಕು. ಚೆಂಡು ವಿಂಗರ್‌ನ ಕಾಲು ಮುಟ್ಟುವ ಮೊದಲೇ, ಕೊನೆಯ ಎರಡು ಮೂರು ಮೀಟರ್‌ನಲ್ಲಿ, ಹೆಜ್ಜೆ ಚಿಕ್ಕದಾಗಬೇಕು, ಸೊಂಟ ಕೆಳಗಿಳಿಯಬೇಕು. ಒಂದೂವರೆ ಮೀಟರ್ ಆಚೆ ಅರ್ಧ ತಿರುಗಿ ನಿಂತು, ಒಳಗಿನ ದಾರಿ ಮುಚ್ಚಿ, ಗೆರೆಯ ಕಡೆಗಿನ ದಾರಿ ಬಿಟ್ಟುಕೊಡಬೇಕು. ವಿಂಗರ್ ಚೆಂಡನ್ನು ಕಾಲಿನಿಂದ ಅರ್ಧ ಮೀಟರ್ ದೂರ ತಳ್ಳಿದ ಕ್ಷಣದಲ್ಲಿ ಮಾತ್ರ ಕಾಲು ಹಾಕಬೇಕು, ಅದೂ ಹತ್ತಿರದ ಕಾಲು.

ತಪ್ಪು ಎಲ್ಲಿ ಆಗುತ್ತದೆ? ಹತ್ತರಲ್ಲಿ ಏಳೆಂಟು ಹುಡುಗರು ಓಡುವುದರಲ್ಲಿ ತಪ್ಪುವುದಿಲ್ಲ, ನಿಲ್ಲುವುದರಲ್ಲಿ ತಪ್ಪುತ್ತಾರೆ. ಪೂರ್ತಿ ವೇಗದಲ್ಲಿ ಬಂದವನನ್ನು ವಿಂಗರ್ ಒಂದೇ ಟಚ್‌ನಲ್ಲಿ ದಾಟುತ್ತಾನೆ. ನೋಡುವವರು ‘ಇವನಿಗೆ ವೇಗ ಸಾಲದು’ ಎನ್ನುತ್ತಾರೆ. ನಿಜವಾಗಿ ಸಾಲದಿರುವುದು ವೇಗ ಇಳಿಸುವ ಶಕ್ತಿ. ಅದು ತೊಡೆ ಮತ್ತು ಪೃಷ್ಠದ ಬಲಕ್ಕೆ ಸಂಬಂಧಿಸಿದ್ದು, ಎಂಟು ಹತ್ತು ವಾರದ ಅಭ್ಯಾಸದಲ್ಲಿ ಸುಧಾರಿಸುತ್ತದೆ. ರೋಗ ತಪ್ಪಾಗಿ ಗುರುತಿಸಿದರೆ ಹುಡುಗನನ್ನು ಸುಮ್ಮನೆ 100 ಮೀಟರ್ ಓಡಿಸುತ್ತಾ ಕೂರುತ್ತೇವೆ.

ತಡ ಮಾಡಿಸುವುದು ಕೂಡ ಗೆಲುವೇ. 2019ರ ಮಾರ್ಚ್ 31ರಂದು ಇಂಗ್ಲೆಂಡಿನ ಕ್ಲಬ್‌ಗಳಾದ ಲಿವರ್‌ಪೂಲ್ ಮತ್ತು ಟೋಟೆನ್‌ಹ್ಯಾಮ್ ನಡುವಿನ ಪಂದ್ಯ 1–1 ಇದ್ದಾಗ, ಕೊನೆಯ ನಿಮಿಷಗಳಲ್ಲಿ ಟೋಟೆನ್‌ಹ್ಯಾಮ್‌ನ ಮೂಸಾ ಸಿಸ್ಸೊಕೊ ಚೆಂಡಿನೊಂದಿಗೆ ಓಡಿಬಂದ. ಪಕ್ಕದಲ್ಲಿ ಸನ್ ಹ್ಯೂಂಗ್ ಮಿನ್, ಎದುರಿಗೆ ಲಿವರ್‌ಪೂಲ್‌ನ ಡಿಫೆಂಡರ್ ವರ್ಜಿಲ್ ವಾನ್ ಡೈಕ್ ಒಬ್ಬನೇ. ವಾನ್ ಡೈಕ್ ಕಾಲು ಹಾಕಲಿಲ್ಲ. ಸನ್‌ಗೆ ಹೋಗುವ ಪಾಸಿನ ದಾರಿಯಲ್ಲೇ ಹಿಂದೆ ಸರಿಯುತ್ತಾ ಹೋದ. ಗೋಲು ಹೊಡೆಯುವುದರಲ್ಲಿ ಪಳಗಿದವನಿಗೆ ಚೆಂಡು ಸಿಗದಂತೆ ಮಾಡಿ, ಸಿಸ್ಸೊಕೊ ತನ್ನ ದುರ್ಬಲ ಎಡಗಾಲಿನಿಂದಲೇ ಹೊಡೆಯುವಂತೆ ಮಾಡಿದ. ಚೆಂಡು ಗೋಲಿನ ಮೇಲಿಂದ ಹೋಯಿತು, ಲಿವರ್‌ಪೂಲ್ 2–1ರಲ್ಲಿ ಗೆದ್ದಿತು. ಲೆಕ್ಕದ ಪಟ್ಟಿಯಲ್ಲಿ ಆ ಕ್ಷಣಕ್ಕೆ ವಾನ್ ಡೈಕ್‌ನ ಹೆಸರಿನಲ್ಲಿ ಒಂದು ಟ್ಯಾಕಲ್ (ಕಾಲು ಹಾಕಿ ಚೆಂಡು ಕಸಿದದ್ದು) ಕೂಡ ಇಲ್ಲ. ಇಂಥ ಕ್ಷಣಗಳಿಗೆ ನಿಮ್ಮ ಹಾಳೆಯಲ್ಲಿ ‘ತಡೆದು ನಿಧಾನಿಸಿದ್ದು’ ಎಂಬ ಪ್ರತ್ಯೇಕ ಅಂಕಣ ಇರಲಿ. ಇಬ್ಬರೆದುರು ಒಬ್ಬನೇ ಸಿಕ್ಕಿಕೊಂಡಾಗ ಹುಡುಗ ಏನು ಮಾಡಿದ ಎಂಬುದನ್ನಂತೂ ಪ್ರತಿ ಸಲ ಬರೆಯಬೇಕು.

ಸಾಲು, ಮತ್ತು ಏಳು ಜನರ ಟೂರ್ನಮೆಂಟಿನ ಮೋಸ

ನಾಲ್ವರು ಬ್ಯಾಕ್‌ಗಳ ಸಾಲು ಕಾರವಾರ ಕಡಲಿನ ರಂಪಣಿ ಬಲೆ ಎಳೆದಂತೆ ಒಟ್ಟಿಗೆ ಸಾಗಬೇಕು. ಒಬ್ಬ ಸಡಿಲ ಬಿಟ್ಟರೆ ಉಳಿದವರ ಎಳೆತವೆಲ್ಲ ವ್ಯರ್ಥ. ಯಾವಾಗ ಮೇಲೆ ಬರಬೇಕು, ಯಾವಾಗ ಹಿಂದೆ ಇಳಿಯಬೇಕು ಎಂಬುದಕ್ಕೆ ಗುರುತುಗಳಿವೆ. ಚೆಂಡಿರುವ ಎದುರಾಳಿ ತಲೆ ಎತ್ತಿದ್ದು, ಅವನ ಮೇಲೆ ಯಾರ ಒತ್ತಡವೂ ಇಲ್ಲದಿದ್ದರೆ ಉದ್ದ ಪಾಸು ಬರುವುದು ಖಚಿತ, ಆಗ ಮೂರು ನಾಲ್ಕು ಹೆಜ್ಜೆ ಹಿಂದೆ ಇಳಿಯಬೇಕು. ಅವನು ಬೆನ್ನು ತಿರುಗಿಸಿದರೆ, ಚೆಂಡನ್ನು ಹಿಂದಕ್ಕೆ ಪಾಸು ಮಾಡಿದರೆ, ಟಚ್ ಕೆಟ್ಟು ತಲೆ ಬಗ್ಗಿಸಿದರೆ ಸಾಲು ಮೇಲೆ ಬರಬೇಕು. ಹುಡುಗ ಈ ಗುರುತು ಕಂಡ ಕೂಡಲೇ ಹೆಜ್ಜೆ ಇಟ್ಟನೇ, ಪಕ್ಕದವನನ್ನು ನೋಡಿ ಇಟ್ಟನೇ, ಇಡಲೇ ಇಲ್ಲವೇ? ಈ ಮೂರರ ನಡುವಿನ ವ್ಯತ್ಯಾಸವೇ ಬೆಳವಣಿಗೆ.

ನಮ್ಮ ಕಡೆ ಇದನ್ನು ನೋಡಲು ಒಂದು ದೊಡ್ಡ ಅಡ್ಡಿ ಇದೆ. ಹುಡುಗರು ಹೆಚ್ಚಾಗಿ ಆಡುವುದು ಐದು ಅಥವಾ ಏಳು ಜನರ ಟೂರ್ನಮೆಂಟುಗಳಲ್ಲಿ. ಐದು ಜನರ ಫುಟ್ಸಾಲ್‌ನಲ್ಲಿ, ಡಿಫೆಂಡರ್‌ಗಳ ಸಾಲಿನ ಆಚೆ ಕಾದು ನಿಂತವನಿಗೆ ಪಾಸು ಕೊಡಬಾರದೆಂಬ ಆಫ್‌ಸೈಡ್ ನಿಯಮವೇ ಇಲ್ಲ, ಏಳು ಜನರ ಪಂದ್ಯಗಳಲ್ಲೂ ಬಹಳ ಕಡೆ ಇಟ್ಟುಕೊಳ್ಳುವುದಿಲ್ಲ. ಆಫ್‌ಸೈಡ್ ಇಲ್ಲದ ಕಡೆ ಡಿಫೆಂಡರ್ ಗೋಲಿನ ಮುಂದೆ ನಿಂತು ಕಾಯುವುದೇ ಜಾಣತನ. ಅಲ್ಲಿ ಹತ್ತು ಕಪ್ ಗೆದ್ದ ಹುಡುಗನಿಗೂ ಸಾಲು ಹಿಡಿಯುವ ಅಭ್ಯಾಸ ಶೂನ್ಯ ಇರಬಹುದು. ಹನ್ನೊಂದು ಜನರ ಪಂದ್ಯದಲ್ಲಿ, 100 ಮೀಟರ್ ಸುಮಾರಿನ ಮೈದಾನದಲ್ಲಿ ಅವನ ಬೆನ್ನ ಹಿಂದೆ 30–40 ಮೀಟರ್ ಖಾಲಿ ಇರುತ್ತದೆ. ಆ ಖಾಲಿ ಜಾಗದ ಭಯವನ್ನು ಅವನು ಹೇಗೆ ನಿಭಾಯಿಸುತ್ತಾನೆ ಎಂಬುದು ಚಿಕ್ಕ ಅಂಗಳದಲ್ಲಿ ಎಂದೂ ಗೊತ್ತಾಗದು. ಒಂದೇ ಮಾತು: ಪೂರ್ಣ ಮೈದಾನದ ಐದಾರು ಪಂದ್ಯಗಳನ್ನು ನೋಡದೆ ಸೆಂಟರ್ ಬ್ಯಾಕ್ ಬಗ್ಗೆ ತೀರ್ಪು ಕೊಡಬೇಡಿ.

ಹೆಡ್

ಇಲ್ಲಿ ಎಷ್ಟು ಸಲ ಗೆದ್ದ ಎಂಬುದಕ್ಕಿಂತ ಎಲ್ಲಿಂದ ಜಿಗಿದ ಎಂಬುದನ್ನು ನೋಡಿ. ಚೆಂಡಿನ ಕೆಳಗೇ ನಿಂತು ನೇರ ಜಿಗಿಯುವವನಿಗಿಂತ ಎರಡು ಹೆಜ್ಜೆ ಹಿಂದಿನಿಂದ ಬಂದು ಒಂಟಿ ಕಾಲಿನಲ್ಲಿ ಜಿಗಿಯುವವನು ಎತ್ತರ ಕಡಿಮೆ ಇದ್ದರೂ ಮುಂದೆ ಗೆಲ್ಲುತ್ತಾನೆ. ಚಿಕ್ಕ ಮಕ್ಕಳಿಗೆ ಹೆಡ್ ಅಭ್ಯಾಸ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಕಿರಿಯರಿಗೆ ಹೆಡ್ ನಿಷೇಧಿಸಿ, 11–13ರವರಿಗೆ ಅಭ್ಯಾಸದಲ್ಲಿ ಮಿತಿ ಹಾಕಿದೆ. ಇಂಗ್ಲೆಂಡ್ ಕೂಡ 11 ವರ್ಷದೊಳಗಿನ ಪಂದ್ಯಗಳಿಂದ ಅದನ್ನು ಹಂತಹಂತವಾಗಿ ತೆಗೆಯುತ್ತಿದೆ. ತಲೆಗೆ ಪೆಟ್ಟು ಬಿದ್ದು ಹುಡುಗ ಗೊಂದಲಗೊಂಡಂತೆ ಕಂಡರೆ ಆ ದಿನ ಅವನ ಆಟ ಮುಗಿಯಿತು. ಫೈನಲ್ ಆಗಿದ್ದರೂ ಅಷ್ಟೇ.

ಚೆಂಡು ಕಾಲಿಗೆ ಬಂದ ಮೇಲೆ

1992ರಲ್ಲಿ ತನ್ನ ತಂಡದವರೇ ಕಾಲಿನಿಂದ ಕೊಟ್ಟ ಹಿಂಪಾಸನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವುದು ನಿಂತಿತು. 2019ರಿಂದ ಗೋಲ್ ಕಿಕ್ಕನ್ನು ಪೆನಾಲ್ಟಿ ಪ್ರದೇಶದೊಳಗೇ ಡಿಫೆಂಡರ್ ಪಡೆಯಬಹುದಾಯಿತು. ಈ ಎರಡು ನಿಯಮಗಳಿಂದ ಡಿಫೆಂಡರ್‌ನ ಕೆಲಸವೇ ಬದಲಾಯಿತು. ಚೆಂಡು ಕಂಡರೆ ಹೆದರುವ ಬ್ಯಾಕ್‌ಗೆ ಈಗ ಮೇಲಿನ ಹಂತದಲ್ಲಿ ಜಾಗವಿಲ್ಲ.

ನೋಡಬೇಕಾದದ್ದು ಮೂರು: ಬರುವ ಚೆಂಡನ್ನು ದೂರದ ಕಾಲಿನಿಂದ ಮುಂದಕ್ಕೆ ತೆರೆದುಕೊಂಡು ಪಡೆಯುತ್ತಾನೆಯೇ, ಹತ್ತಿರದ ಕಾಲಿನಿಂದ ತನ್ನ ಗೋಲಿನ ಕಡೆ ಮುಖ ಮಾಡಿ ಪಡೆಯುತ್ತಾನೆಯೇ? ಒತ್ತಡದಲ್ಲಿ ದುರ್ಬಲ ಕಾಲನ್ನು ಬಳಸುತ್ತಾನೆಯೇ? ಎದುರಾಳಿಯ ಒಂದು ಸಾಲನ್ನಾದರೂ ದಾಟುವ ಪಾಸು ಪ್ರಯತ್ನಿಸುತ್ತಾನೆಯೇ? ಪಕ್ಕದವನಿಗೆ ಮಾತ್ರ ಕೊಡುತ್ತಿದ್ದರೆ ‘ನೂರಕ್ಕೆ ತೊಂಬತ್ತೈದು ಪಾಸು ಸರಿ’ ಎಂಬ ಲೆಕ್ಕ ಸುಲಭವಾಗಿ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕಷ್ಟದ ಪಾಸಿನಲ್ಲಿ ತಪ್ಪಿದ 14ರ ಹುಡುಗನನ್ನು ಬೈದರೆ ಮುಂದಿನ ಪಂದ್ಯದಲ್ಲಿ ಅವನು ಕಣ್ಣು ಮುಚ್ಚಿ ಒದೆಯುತ್ತಾನೆ. ಆ ನಷ್ಟ ಅವನದ್ದಲ್ಲ, ಬೈದವರದ್ದು.

ಮರಳು, ಕೆಂಪು ನೆಲ, ಮಳೆ

ಟಾಗೋರ್ ಕಡಲತೀರದಲ್ಲಿ ಸಂಜೆ ಆಡುವ ಹುಡುಗರ ಕಣಕಾಲು, ಪಾದ ಗಟ್ಟಿ. ಬರಿಗಾಲಲ್ಲಿ ಆಡಿದ ಟಚ್ ಕೂಡ ಸೂಕ್ಷ್ಮ. ಆದರೆ ಮರಳಿನಲ್ಲಿ ಚೆಂಡು ಪುಟಿಯುವುದಿಲ್ಲ, ಓಟಗಾರನ ವೇಗವೂ ಇಳಿಯುತ್ತದೆ. ಹಾಗಾಗಿ ಡಿಫೆಂಡರ್‌ಗೆ ಅಲ್ಲಿ ಹೆಚ್ಚು ಸಮಯ ಸಿಗುತ್ತದೆ. ಅದೇ ಹುಡುಗ ಫೆಬ್ರುವರಿ–ಮಾರ್ಚಿನಲ್ಲಿ ಘಟ್ಟದ ಮೇಲಿನ ಗಟ್ಟಿ ಕೆಂಪು ನೆಲಕ್ಕೆ ಬಂದರೆ ಉದ್ದ ಚೆಂಡು ನೆಲಕ್ಕೆ ಬಡಿದು ತಲೆಯ ಮೇಲಿಂದ ಹಾರಿಹೋಗುತ್ತದೆ. ಪುಟಿಯುವ ಮೊದಲೇ ಮುಂದೆ ಬಂದು ಎದುರಿಸುವುದೋ, ಪುಟಿಯಲು ಬಿಟ್ಟು ಹಿಂದೆ ಸರಿಯುವುದೋ ಎಂದು ಅರ್ಧ ಸೆಕೆಂಡಿನಲ್ಲಿ ನಿರ್ಧರಿಸಬೇಕು. ಎರಡರ ನಡುವೆ ನಿಂತವನು ಸಿಕ್ಕಿಬೀಳುತ್ತಾನೆ. ಜೂನ್ ನಂತರ ಕೆಸರಿನಲ್ಲಿ ಚೆಂಡು ನೀರಿನಲ್ಲಿ ನಿಂತುಬಿಡುತ್ತದೆ. ಗೋಲ್‌ಕೀಪರ್‌ಗೆ ಕೊಟ್ಟ ಹಿಂಪಾಸು ಅರ್ಧದಲ್ಲೇ ಉಳಿದು ಗೋಲಾಗುವುದು ಆಗಲೇ.

ಆದ್ದರಿಂದ ಪ್ರತಿ ಹಾಳೆಯ ಮೇಲೆ ನೆಲ ಯಾವುದು, ಮಳೆ ಇತ್ತೇ, ಬೂಟು ಯಾವುದು ಎಂದು ಬರೆಯಿರಿ. ಮಳೆಗಾಲದ ಎರಡು ಪಂದ್ಯ ನೋಡಿ ‘ಪಾಸು ಬರುವುದಿಲ್ಲ’ ಎಂದರೆ ಅನ್ಯಾಯ. ಮೂರೂ ಬಗೆಯ ನೆಲದಲ್ಲಿ ನೋಡಿದರೆ ಹುಡುಗ ಎಷ್ಟು ಬೇಗ ಹೊಂದಿಕೊಳ್ಳುತ್ತಾನೆ ಎಂಬುದು ಗೊತ್ತಾಗುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಒಮ್ಮೆ ಪುಟಿತ ತಪ್ಪಿದವನು ಎರಡನೇ ಅರ್ಧದಲ್ಲೂ ಅದೇ ತಪ್ಪು ಮಾಡಿದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆಯಬಹುದು.

ಬರೆಯುವ ಕ್ರಮ

ಫೋನಿನಲ್ಲಿ ಚಿತ್ರೀಕರಿಸುವಾಗ ಹೆಚ್ಚಿನವರು ಪಕ್ಕದ ಗೆರೆಯಲ್ಲಿ ನಿಂತು ಚೆಂಡಿನ ಹಿಂದೆ ಫೋನ್ ತಿರುಗಿಸುತ್ತಾರೆ. ಅದರಲ್ಲಿ ಡಿಫೆಂಡರ್ ಕಾಣುವುದೇ ಇಲ್ಲ. ಗೋಲಿನ ಹಿಂದೆ, ಸಾಧ್ಯವಾದರೆ ಶಾಲಾ ಕಟ್ಟಡದ ಮೊದಲ ಮಹಡಿಯಿಂದ, ಫೋನನ್ನು ಅಲುಗದಂತೆ ಇಟ್ಟು ಹಿಂದಿನ ಸಾಲು ಪೂರ್ತಿ ಕಾಣುವಂತೆ ಮಾಡಿ. ಪೂರ್ತಿ ಪಂದ್ಯ ಬೇಡ. ಮೊದಲರ್ಧದ 15 ನಿಮಿಷ, ಕೊನೆಯ 15 ನಿಮಿಷ ಸಾಕು. ದಣಿದಾಗ ಮೊದಲು ಕೆಡುವುದು ತಲೆ ತಿರುಗಿಸುವ ಅಭ್ಯಾಸ, ಕಾಲಿನ ಓಟ ಕೆಡುವುದು ಆಮೇಲೆ.

ನೋಡುವುದು, ನಿಲುವು, ಸಾಲು ಹೀಗೆ ಒಂದೊಂದಕ್ಕೂ ಅಂಕ 1ರಿಂದ 4ರವರೆಗೆ ಕೊಡಿ. ಐದರ ಅಳತೆ ಇಟ್ಟರೆ ಎಲ್ಲರೂ ನಡುವಿನ 3 ಬರೆದು ಜಾರಿಕೊಳ್ಳುತ್ತಾರೆ. ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಿ, ಆಮೇಲೆ ಹೋಲಿಸಬೇಕು. ಎರಡು ಅಂಕದ ಅಂತರ ಬಂದ ಕಡೆ ವಿಡಿಯೋ ಮತ್ತೆ ನೋಡಿ. ಟ್ಯಾಕಲ್, ಕ್ಲಿಯರೆನ್ಸ್ (ಅಪಾಯದ ಚೆಂಡನ್ನು ದೂರ ಒದೆದದ್ದು) ಎಣಿಸುವುದಾದರೆ ಪಂದ್ಯದ ಸ್ಥಿತಿಯನ್ನೂ ಬರೆಯಿರಿ. ಐದು ಗೋಲಿನಿಂದ ಸೋತ ತಂಡದ ಬ್ಯಾಕ್‌ಗೆ ಸಹಜವಾಗಿ ಹೆಚ್ಚು ಟ್ಯಾಕಲ್ ಸಿಗುತ್ತವೆ, ಚೆಂಡು ಸದಾ ಅವನ ಕಡೆಗೇ ಇತ್ತಲ್ಲ. ತನ್ನ ತಪ್ಪಿನಿಂದ ಗೋಲು ಬಿದ್ದ ನಂತರದ ಐದು ನಿಮಿಷ ಹುಡುಗ ಹೇಗಿದ್ದ ಎಂಬುದಕ್ಕೆ ಬೇರೆ ಸಾಲು ಇರಲಿ. ಚೆಂಡು ಬೇಡುವುದನ್ನು ನಿಲ್ಲಿಸಿದನೇ? ಸುಮ್ಮನೆ ಹಿಂದೆ ಹಿಂದೆ ಸರಿದನೇ?

ಓಟದ ಅಳತೆಗೆ 10 ಮೀಟರ್ ಮತ್ತು 30 ಮೀಟರ್ ಸಾಕು. ಸ್ಟಾಪ್‌ವಾಚ್ ಒತ್ತುವ ಬೆರಳಿನಲ್ಲೇ 0.1–0.2 ಸೆಕೆಂಡ್ ತಪ್ಪು ಬರುತ್ತದೆ. ಹಾಗಾಗಿ 0.1 ಸೆಕೆಂಡ್ ಸುಧಾರಣೆಯನ್ನು ಸುಧಾರಣೆ ಎನ್ನಲಾಗದು. ಫೋನಿನಲ್ಲಿ ಸೆಕೆಂಡಿಗೆ 60 ಚಿತ್ರಗಳ ವಿಡಿಯೋ ತೆಗೆದು ಚಿತ್ರ ಎಣಿಸಿದರೆ ತಪ್ಪು ಬಹಳ ಕಡಿಮೆ. ಅದೇ ನೆಲ, ಅದೇ ಬೂಟು, ಮೂರು ಓಟದಲ್ಲಿ ಒಳ್ಳೆಯದು. ಇದರ ಜತೆ ಡಿಫೆಂಡರ್‌ಗೆ ತಿರುಗುವ ಪರೀಕ್ಷೆ ಬೇಕು: ಓಡಿಬಂದು ಗೆರೆ ಮುಟ್ಟಿ ಹಿಂದಕ್ಕೆ ತಿರುಗಿ 5 ಮೀಟರ್, ಒಮ್ಮೆ ಎಡಗಾಲ ಮೇಲೆ, ಒಮ್ಮೆ ಬಲಗಾಲ ಮೇಲೆ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಜಾಣ ವಿಂಗರ್ ಅದನ್ನು ಹತ್ತೇ ನಿಮಿಷದಲ್ಲಿ ಕಂಡುಹಿಡಿಯುತ್ತಾನೆ. ಗಾಯ ತಪ್ಪಿಸಲು ಫಿಫಾ ರೂಪಿಸಿದ ‘11+’ ಎಂಬ 20 ನಿಮಿಷದ ಮೈ ಬಿಸಿ ಮಾಡುವ ಕ್ರಮವನ್ನು ವಾರಕ್ಕೆ ಎರಡು ಮೂರು ಸಲ ಮಾಡಿಸಿ. ಮೊಣಕಾಲಿನ ಲಿಗಮೆಂಟ್ ಗಾಯ ಹುಡುಗಿಯರಲ್ಲಿ ಹೆಚ್ಚು, ಅವರಿಗಂತೂ ಬಿಡಲೇಬಾರದು.

ಮುಂದಿನ ಮೆಟ್ಟಿಲು ಯಾವಾಗ

ಡಿಫೆಂಡರ್‌ಗಳು ತಡವಾಗಿ ಮಾಗುತ್ತಾರೆ. ವಾನ್ ಡೈಕ್ ಹದಿಹರೆಯದಲ್ಲಿ ರೈಟ್ ಬ್ಯಾಕ್ ಆಡುತ್ತಿದ್ದ, ಎತ್ತರ ಬೆಳೆದದ್ದೂ ತಡವಾಗಿ. 2010ರಲ್ಲಿ ಗ್ರೊನಿಂಗೆನ್, 2013ರಲ್ಲಿ ಸೆಲ್ಟಿಕ್, 2015ರಲ್ಲಿ ಸೌತಾಂಪ್ಟನ್, 2018ರ ಜನವರಿಯಲ್ಲಿ ಲಿವರ್‌ಪೂಲ್ ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ, 26ನೇ ವಯಸ್ಸಿನಲ್ಲಿ ಅಲ್ಲಿಗೆ ಮುಟ್ಟಿದ. 15ರಲ್ಲಿ ಆಯ್ಕೆಯಾಗಲಿಲ್ಲವೆಂದು ಮನೆಯವರು ಕೈಚೆಲ್ಲಬೇಕಿಲ್ಲ.

ಮೆಟ್ಟಿಲು ಏರಿಸುವ ಸಮಯ ತಿಳಿಯುವುದು ಹೀಗೆ: ಸತತ ಎರಡು ಮೌಲ್ಯಮಾಪನಗಳಲ್ಲಿ ನೋಡುವುದು, ನಿಲುವು, ಸಾಲು ಈ ಮೂರಕ್ಕೂ 3 ಅಥವಾ 4 ಬಂದಿದ್ದು, ಈಗಿನ ಪಂದ್ಯಗಳಲ್ಲಿ ಅವನು ತಪ್ಪಿದರೂ ಎದುರಾಳಿ ಅದರ ಲಾಭ ಪಡೆಯುತ್ತಿಲ್ಲವಾದರೆ ಅವನಿಗೆ ಇನ್ನೂ ಚುರುಕಾದ ಎದುರಾಳಿ ಬೇಕು. ಕಾರವಾರದವರಿಗೆ ಆ ಎದುರಾಳಿ ಹತ್ತಿರದಲ್ಲೇ ಇದ್ದಾನೆ. ಬೆಂಗಳೂರು 500 ಕಿ.ಮೀ.ಗೂ ದೂರ, ಗೋವಾದ ಮಡಗಾಂವ್ ಸುಮಾರು 70 ಕಿ.ಮೀ. ಕಾಣಕೋಣದಿಂದ ಮಡಗಾಂವ್‌ವರೆಗಿನ ತಂಡಗಳೊಂದಿಗೆ ತಿಂಗಳಿಗೊಂದು ಸ್ನೇಹಪರ ಪಂದ್ಯ ಆಡಿಸಿದರೂ ಹುಡುಗನ ಕೊರತೆಗಳು ಬೇಗ ಬಯಲಾಗುತ್ತವೆ. ಶಿರಸಿ ಕಡೆಯವರಿಗೆ ಇನ್ನೊಂದು ದಾರಿ, ಹುಡುಗನನ್ನು ಎರಡು ವರ್ಷ ದೊಡ್ಡವರ ಗುಂಪಿನಲ್ಲಿ ಆಡಿಸುವುದು. ಬೇಗ ಬೆಳೆದ ಹುಡುಗನಿಗೆ ಇದು ಅತ್ಯುತ್ತಮ ಮದ್ದು, ಅಲ್ಲಿ ಮೈಬಲ ಕೆಲಸಕ್ಕೆ ಬಾರದು. ತಡವಾಗಿ ಬೆಳೆಯುವವನಿಗೆ ಮಾತ್ರ ಈಗಲೇ ಇದು ಬೇಡ.

ಅಕಾಡೆಮಿಯ ಟ್ರಯಲ್‌ನಲ್ಲಿ ಅಪರಿಚಿತರ ಜತೆ 20–30 ನಿಮಿಷ ಆಡಿಸುತ್ತಾರೆ. ಚಿಕ್ಕ ಅಂಗಳದಲ್ಲಿ ಡ್ರಿಬಲ್ ಮಾಡುವವರು ಮಿಂಚುತ್ತಾರೆ, ಡಿಫೆಂಡರ್ ಮರೆಯಾಗುತ್ತಾನೆ. ಹುಡುಗನಿಗೆ ಮೊದಲೇ ಹೇಳಿ ಕಳಿಸಿ: ಪಕ್ಕದವನ ಹೆಸರು ಕೇಳಿಕೋ, ಮೊದಲ ನಿಮಿಷದಿಂದ ಮಾತಾಡು, ಮೊದಲ ಪಾಸು ಸುಲಭದ್ದಿರಲಿ, ತೋರಿಸಿಕೊಳ್ಳಲು ಜಾರಬೇಡ. ಟ್ರಯಲ್ ಹೆಸರಿನಲ್ಲಿ ದೊಡ್ಡ ಮೊತ್ತ ಕೇಳುವವರಿದ್ದರೆ, ಆ ಅಕಾಡೆಮಿಗೆ ಫೆಡರೇಷನ್ನಿನ ನಕ್ಷತ್ರ (ಸ್ಟಾರ್) ಮಾನ್ಯತೆ ಇದೆಯೇ ಎಂದು ದುಡ್ಡು ಕೊಡುವ ಮೊದಲು ನೋಡಿ.

ಹುಡುಗನ ಜತೆ ಹೋಗುವ ವರದಿ ಒಂದು ಪುಟ ಮೀರಬೇಕಿಲ್ಲ. ‘ಒಳ್ಳೆಯ ಆಟಗಾರ, ಶ್ರಮಜೀವಿ’ ಎಂಬ ಸಾಲಿನಿಂದ ಮುಂದಿನ ಕೋಚ್‌ಗೆ ಏನೂ ಸಿಗದು. ಹೀಗೆ ಬರೆಯಿರಿ: ‘ಹುಟ್ಟಿದ್ದು ಅಕ್ಟೋಬರ್. ಕಳೆದ ಆರು ತಿಂಗಳಲ್ಲಿ 4.5 ಸೆಂ.ಮೀ. ಬೆಳೆದಿದ್ದಾನೆ. ಹನ್ನೊಂದು ಜನರ ಆರು ಪಂದ್ಯ ನೋಡಲಾಗಿದೆ, ನಾಲ್ಕು ಗಟ್ಟಿ ನೆಲದಲ್ಲಿ, ಎರಡು ಕೆಸರಿನಲ್ಲಿ. ಚೆಂಡು ಸಾಗುವಾಗ ಹಿಂದೆ ನೋಡುತ್ತಾನೆ, ಕೊನೆಯ 15 ನಿಮಿಷದಲ್ಲಿ ಮರೆಯುತ್ತಾನೆ. ಬಲಕ್ಕೆ ತಿರುಗುವುದು ನಿಧಾನ. ಎಡಗಾಲಿನ ಪಾಸು ಆರು ತಿಂಗಳ ಹಿಂದೆ 1, ಈಗ 3. ಜುಲೈನಿಂದ ಮೊಣಕಾಲಿನ ಕೆಳಗೆ ನೋವು, ಜಿಗಿತ ಕಡಿಮೆ ಮಾಡಿಸಲಾಗಿದೆ.’ ಇದರ ಒಂದು ಪ್ರತಿ ಮನೆಯವರ ಹತ್ತಿರ ಇರಲಿ. ಹುಡುಗನಿಗೆ ಇಡೀ ಪುಟ ಓದಿ ಹೇಳುವುದು ಬೇಡ. ಮುಂದಿನ ಮೂರು ತಿಂಗಳಿಗೆ ಎರಡೇ ಕೆಲಸ ಕೊಡಿ, ಒಂದು ಅವನಿಗೆ ಈಗಾಗಲೇ ಬರುತ್ತಿರುವುದು, ಇನ್ನೊಂದು ಬಾರದಿರುವುದು.